ಕಾಫಿ ಸಂಸ್ಥೆಯ ಅಧ್ಯಕ್ಷಗಿರಿ ನಮಗೆ ಬಂದರೆ?

ಸೋಮವಾರಪೇಟೆ ಸರ್, ಅಂತಾರಾಷ್ಟ್ರೀಯ ಕಾಫಿ ಸಂಸ್ಥೆಯ ಅಧ್ಯಕ್ಷಗಿರಿ ಭಾರತಕ್ಕೆ ಬಂದರೆ ನಮ್ಮ ರೋಬಸ್ಟಾ ತಳಿಯ ಚೆರಿಗೆ (ಒಣಗಿಸಿದ ಕಾಫಿ ಹಣ್ಣಿಗೆ) ರೇಟು ಏರುತ್ತದಾ ಎಂದು ಕೇಳಿದ್ದೀರಿ. ಅದರಿಂದಲೇ ಏರುವುದಿಲ್ಲ.

2007ರ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಪ್ರಕಾರ ಆ ಸಂಸ್ಥೆಯ ಮಂಡಳಿಯ, ಅಂದರೆ ಸದಸ್ಯ ದೇಶಗಳ ಸಭೆಯ, ಅಧ್ಯಕ್ಷರನ್ನು ಆರಿಸುವುದು ಒಂದು ಕಾಫಿ ವರ್ಷಕ್ಕೆ, ಅಂದರೆ ಅಕ್ಟೋಬರ್‌ನಿಂದ ಸೆಪ್ಟೆಂಬರ್‌ವರೆಗೆ. ಸಾಮಾನ್ಯವಾಗಿ ಒಂದು ವರ್ಷ ರಫ್ತು ಮಾಡುವ ದೇಶದವರು, ಮರುವರ್ಷ ಕೊಳ್ಳುವ ದೇಶದವರು. ಇನ್ನೊಂದು ತಮಾಷೆ ನೋಡಿ, ಕುರ್ಚಿಯಲ್ಲಿ ಕೂತವರಿಗೆ ವೋಟೇ ಇಲ್ಲ! ಅವರ ದೇಶದ ವೋಟನ್ನು ಬದಲಿ ಪ್ರತಿನಿಧಿ ಹಾಕಬೇಕು. ಸಂಸ್ಥೆಯಿಂದ ಸಂಬಳವೂ ಇಲ್ಲ. ನಮ್ಮ ಕಡೆ ಸೊಸೈಟಿ ಅಧ್ಯಕ್ಷರ ಗತ್ತು ಅಲ್ಲಿ ನಡೆಯುವುದಿಲ್ಲ ಬಿಡಿ.

ಇನ್ನು ಬೆಲೆಯ ಮಾತು: ಸಂಸ್ಥೆಯ ಒಪ್ಪಂದದಡಿ ರಫ್ತಿಗೆ ಕೋಟಾ ಹಾಕಿ ಬೆಲೆ ಹಿಡಿದಿಡುವ ಪದ್ಧತಿ 1989ರಲ್ಲೇ ಮುರಿದುಬಿತ್ತು. ಚೆರಿ ಮಾರುವ ಮೊದಲು ಲಂಡನ್ ವಿನಿಮಯ ಮಾರುಕಟ್ಟೆಯ ರೋಬಸ್ಟಾ ದರ, ಡಾಲರ್ ರೇಟು ಎರಡನ್ನೂ ನೋಡಿಕೊಳ್ಳಿ.