ಗ್ರ್ಯಾಂಟಿನಿಂದ ಬೇಸಿಗೆ ಸಂಬಳ: ಎಷ್ಟು, ಯಾವಾಗ, ಯಾವ ದಿನಗಳಿಗೆ?

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಕನ್ನಡಿಗ ಅಧ್ಯಾಪಕರ ಪ್ರಶ್ನೆಗಳಿಗೆ ಈ ಸಲದ ಉತ್ತರ. ಗ್ರ್ಯಾಂಟ್ (ಸಂಶೋಧನೆಗೆ ಸಿಗುವ ಅನುದಾನ) ಆಡಳಿತ ಬಲ್ಲವರು ಉತ್ತರಿಸಿದ್ದಾರೆ.

ಪ್ರಶ್ನೆ: ನನ್ನದು ಒಂಬತ್ತು ತಿಂಗಳ ನೇಮಕಾತಿ, ಸಂಬಳ 1,17,000 ಡಾಲರ್. ಆದರೆ ದುಡ್ಡು ವರ್ಷವಿಡೀ 12 ಕಂತಿನಲ್ಲಿ ಬರುತ್ತಿದೆ, ಜೂನ್ ಜುಲೈನಲ್ಲೂ ಬರುತ್ತದೆ. ಅದರ ಮೇಲೆ ಗ್ರ್ಯಾಂಟಿನಿಂದ ಸಮ್ಮರ್ ಸ್ಯಾಲರಿ ತೆಗೆದುಕೊಂಡರೆ ಒಂದೇ ಕೆಲಸಕ್ಕೆ ಎರಡು ಸಲ ಸಂಬಳ ಪಡೆದ ಹಾಗಾಗುವುದಿಲ್ಲವೇ? — ಓಹಿಯೋದಿಂದ ಒಬ್ಬ ಅಸಿಸ್ಟೆಂಟ್ ಪ್ರೊಫೆಸರ್

ಆಗುವುದಿಲ್ಲ. ನಿಮಗೆ ಜೂನ್‌ನಲ್ಲಿ ಬರುವುದು ಜೂನ್ ತಿಂಗಳ ಸಂಬಳವಲ್ಲ. ಆಗಸ್ಟ್ ಮಧ್ಯದಿಂದ ಮೇ ಮಧ್ಯದವರೆಗೆ ದುಡಿದದ್ದರಲ್ಲಿ ವಿಶ್ವವಿದ್ಯಾಲಯ ಹಿಡಿದಿಟ್ಟುಕೊಂಡು ತಡವಾಗಿ ಕೊಡುತ್ತಿರುವ ಪಾಲು ಅದು. ಊರಿನ ಕಾಲೇಜುಗಳಲ್ಲಿ ಬೇಸಿಗೆ ರಜೆಗೂ ಸಂಬಳ ಇರುತ್ತದೆ, ಕಾಯಂ ಹುದ್ದೆಯಲ್ಲಿರುವವರು ಸರ್ಕಾರಿ ಪ್ರಾಜೆಕ್ಟಿನಿಂದ ತಮಗೇ ಸಂಬಳ ಬರೆದುಕೊಳ್ಳುವ ಪದ್ಧತಿಯೂ ಇಲ್ಲ. ಹಾಗಾಗಿ ಅಲ್ಲಿಂದ ಬಂದವರಿಗೆ ಈ ಗೊಂದಲ ಸಹಜ. ಇಲ್ಲಿ ಆ ಮೂರು ತಿಂಗಳು ನಿಮ್ಮ ಮೇಲೆ ವಿಶ್ವವಿದ್ಯಾಲಯದ ಹಕ್ಕೂ ಇಲ್ಲ, ಅದು ನಿಮಗೆ ಕೊಡಬೇಕಾದ ಸಂಬಳವೂ ಇಲ್ಲ. ಆ ಸಮಯದಲ್ಲಿ ಗ್ರ್ಯಾಂಟಿನ ಕೆಲಸ ಮಾಡಿದರೆ, ಮಾಡಿದಷ್ಟಕ್ಕೆ, ಗ್ರ್ಯಾಂಟಿನಿಂದ ಸಂಬಳ.

ದರ ಲೆಕ್ಕ ಹಾಕುವಾಗ ಎಷ್ಟೋ ಜನ ಎಡವುತ್ತಾರೆ. 1,17,000ವನ್ನು 9ರಿಂದ ಭಾಗಿಸಬೇಕು, 12ರಿಂದಲ್ಲ. ಒಂಬತ್ತರಿಂದ ಭಾಗಿಸಿದರೆ ತಿಂಗಳಿಗೆ 13,000. ಬ್ಯಾಂಕಿಗೆ ಜಮೆಯಾಗುವ ಕಂತು ನೋಡಿ 9,750 ಎಂದು ಬಜೆಟ್ಟಿಗೆ ಬರೆದರೆ ತಿಂಗಳಿಗೆ 3,250 ಡಾಲರ್ ನೀವಾಗಿಯೇ ಬಿಟ್ಟುಕೊಟ್ಟಂತೆ. 13,000ಕ್ಕಿಂತ ಹೆಚ್ಚು ಬರೆಯುವುದಕ್ಕೂ ಬರುವುದಿಲ್ಲ. ಫೆಡರಲ್ (ಅಮೆರಿಕದ ಕೇಂದ್ರ ಸರ್ಕಾರದ) ನಿಯಮಾವಳಿಯ 200.430ನೇ ಸೆಕ್ಷನ್ ಪ್ರಕಾರ ಬೇಸಿಗೆಯ ದರ ನಿಮ್ಮ ಮೂಲ ಸಂಬಳದ ದರವನ್ನು ಮೀರುವಂತಿಲ್ಲ. ಹೊರಗೆ ಮಾಡುವ ಕನ್ಸಲ್ಟಿಂಗ್ ದುಡ್ಡು ಆ ಮೂಲ ಸಂಬಳದಲ್ಲಿ ಸೇರುವುದಿಲ್ಲ.

ಪ್ರಶ್ನೆ: ಮೊದಲ ಸಲ ಎನ್‌ಎಸ್‌ಎಫ್‌ಗೆ (ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ) ಕರಿಯರ್ ಪ್ರಪೋಸಲ್ (ಹೊಸ ಅಧ್ಯಾಪಕರಿಗೆಂದೇ ಇರುವ ಗ್ರ್ಯಾಂಟಿನ ಅರ್ಜಿ) ಬರೆಯುತ್ತಿದ್ದೇನೆ. ವರ್ಷಕ್ಕೆ ಎರಡು ತಿಂಗಳ ಸಮ್ಮರ್ ಸ್ಯಾಲರಿ ಕೇಳಬಹುದು ಅಂತ ಸಹೋದ್ಯೋಗಿಗಳು ಹೇಳುತ್ತಾರೆ. ಕೇಳಲೇ? — ನಾರ್ತ್ ಕೆರೊಲಿನಾ

ಕೇಳಬಹುದು. ಆದರೆ ಕೇಳುವ ಮೊದಲು ಪೂರ್ತಿ ಲೆಕ್ಕ ನೋಡಿ. ಮೇಲಿನ ಸಂಬಳವನ್ನೇ ಇಟ್ಟುಕೊಳ್ಳೋಣ. ಎರಡು ತಿಂಗಳಿಗೆ 26,000. ಇದರ ಮೇಲೆ ಫ್ರಿಂಜ್ ಬೆನಿಫಿಟ್, ಅಂದರೆ ವಿಮೆ, ಪಿಂಚಣಿಯಂಥ ಸೌಲಭ್ಯಗಳ ಖರ್ಚು. ಬೇಸಿಗೆಗೆ ಆರೋಗ್ಯ ವಿಮೆಯ ಪಾಲು ಮತ್ತೆ ಕಟ್ಟಬೇಕಿಲ್ಲದ ಕಡೆ ಈ ದರ ಕಡಿಮೆ ಇರುತ್ತದೆ. ಶೇ 10 ಅಂದುಕೊಂಡರೆ 2,600. ಅಲ್ಲಿಗೆ 28,600. ಇದರ ಮೇಲೆ ವಿಶ್ವವಿದ್ಯಾಲಯದ ಓವರ್‌ಹೆಡ್, ಅಂದರೆ ಕಟ್ಟಡ, ಆಡಳಿತದ ಖರ್ಚಿಗೆ ಅದು ಹಿಡಿಯುವ ಪಾಲು. ಶೇ 55 ಎಂದರೆ 15,730. ಒಟ್ಟು 44,330 ಡಾಲರ್. ತೆರಿಗೆ ಕಳೆಯುವ ಮೊದಲು ನಿಮಗೆ 26,000 ಸಿಗಲು ಗ್ರ್ಯಾಂಟಿನಿಂದ ಇಷ್ಟು ಹೋಗುತ್ತದೆ.

ಕರಿಯರ್ ಗ್ರ್ಯಾಂಟ್ ಐದು ವರ್ಷದ್ದು, ಬಹುತೇಕ ವಿಭಾಗಗಳಲ್ಲಿ ಕನಿಷ್ಠ ಮೊತ್ತ 4 ಲಕ್ಷ ಡಾಲರ್. ಐದು ವರ್ಷ ಎರಡೆರಡು ತಿಂಗಳು ತೆಗೆದರೆ 2,21,650, ಅಂದರೆ ಅರ್ಧಕ್ಕಿಂತ ಹೆಚ್ಚು ನಿಮ್ಮ ಬೇಸಿಗೆಗೇ ಹೋಯಿತು. ಉಳಿದದ್ದರಲ್ಲಿ ಒಬ್ಬ ಪಿಎಚ್‌ಡಿ ವಿದ್ಯಾರ್ಥಿಯನ್ನು ಐದು ವರ್ಷ ಸಾಕುವುದು ಕಷ್ಟ. ವಾರ್ಷಿಕ ಸಂಬಳ ಏರಿಕೆಯನ್ನು ಇನ್ನೂ ಸೇರಿಸಿಲ್ಲ. ವಿದ್ಯಾರ್ಥಿಯ ಟ್ಯೂಷನ್ ಮೇಲೆ ಓವರ್‌ಹೆಡ್ ಬೀಳುವುದಿಲ್ಲ, ನಿಮ್ಮ ಸಂಬಳದ ಪ್ರತಿ ಡಾಲರಿನ ಮೇಲೂ ಬೀಳುತ್ತದೆ ಎಂಬುದೂ ಲೆಕ್ಕದಲ್ಲಿರಲಿ. ಇಂಥ ಗ್ರ್ಯಾಂಟಿಗೆ ವರ್ಷಕ್ಕೆ ಒಂದು ತಿಂಗಳು ಸಾಕು ಎನ್ನುವುದು ನಮ್ಮ ಅಭಿಪ್ರಾಯ. ಇನ್ನೊಂದು ಪ್ರಾಜೆಕ್ಟ್ ಬಂದಾಗ ಎರಡನೇ ತಿಂಗಳನ್ನು ಅದರಲ್ಲಿ ಕೇಳಿ. ಹಾಗಂತ ಸೊನ್ನೆ ಬರೆಯಬೇಡಿ. ಮುಖ್ಯ ಸಂಶೋಧಕರ ಸಮಯವೇ ಕಾಣದ ಬಜೆಟ್ ನೋಡಿದರೆ ಈ ಕೆಲಸ ಮಾಡುವವರು ಯಾರು ಎಂಬ ಅನುಮಾನ ಬರುವುದು ಸಹಜ.

ಎರಡು ತಿಂಗಳ ಮಿತಿಯನ್ನು ಬಹಳ ಜನ ಅರ್ಧ ಓದಿಕೊಂಡಿದ್ದಾರೆ. ಅದು ಒಂದೊಂದು ಗ್ರ್ಯಾಂಟಿಗೆ ಎರಡು ತಿಂಗಳು ಎಂದಲ್ಲ, ಎನ್‌ಎಸ್‌ಎಫ್‌ನ ಎಲ್ಲ ಗ್ರ್ಯಾಂಟುಗಳೂ ಸೇರಿ ವರ್ಷಕ್ಕೆ ಎರಡು ತಿಂಗಳು. 2009ಕ್ಕೂ ಮುಂಚೆ ಇದು ಬೇಸಿಗೆಗೆ ಅಂಟಿಕೊಂಡ ನಿಯಮವಾಗಿತ್ತು: ಒಂಬತ್ತು ತಿಂಗಳ ಸಂಬಳದ ಒಂಬತ್ತು ಪಾಲಿನಲ್ಲಿ ಎರಡು ಪಾಲು. ಈಗ ಸೆಮಿಸ್ಟರಿನ ಸಮಯಕ್ಕೆ ತೆಗೆದುಕೊಂಡದ್ದೂ ಅದೇ ಎರಡು ತಿಂಗಳಲ್ಲಿ ಸೇರುತ್ತದೆ. ಹೆಚ್ಚು ಬೇಕಿದ್ದರೆ ಬಜೆಟ್ಟಿನಲ್ಲಿ ತೋರಿಸಿ, ಕಾರಣ ಬರೆದು, ಅವಾರ್ಡ್ ನೋಟಿಸಿನಲ್ಲಿ (ಗ್ರ್ಯಾಂಟ್ ಮಂಜೂರಾತಿ ಪತ್ರದಲ್ಲಿ) ಒಪ್ಪಿಗೆ ಪಡೆಯಬೇಕು. ಅವಾರ್ಡ್ ಬಂದ ಮೇಲೆ, ಪ್ರಾಜೆಕ್ಟಿನ ಗುರಿ ವ್ಯಾಪ್ತಿ ಬದಲಾಗದಿದ್ದರೆ, ಎರಡು ತಿಂಗಳು ಮೀರುವ ಮರುಹಂಚಿಕೆಗೂ ವಿಶ್ವವಿದ್ಯಾಲಯವೇ ಒಪ್ಪಿಗೆ ಕೊಡಬಹುದು. ಆ ಒಪ್ಪಿಗೆ ಬಾಯಿಮಾತಿನಲ್ಲಿ ಬೇಡ, ಫೈಲಿನಲ್ಲಿರಲಿ.

ಇನ್ನು ‘ವರ್ಷ’ ಅಂದರೆ ಯಾವುದು ಎಂದು ತೀರ್ಮಾನಿಸುವುದು ನಿಮ್ಮ ವಿಶ್ವವಿದ್ಯಾಲಯ. ಅದು ಜುಲೈ 1ರಿಂದ ಜೂನ್ 30 ಎಂದು ಇಟ್ಟುಕೊಂಡಿದ್ದರೆ ನಿಮ್ಮ ಒಂದು ಬೇಸಿಗೆ ಎರಡು ವರ್ಷಗಳಿಗೆ ಹರಿದು ಹಂಚಿಹೋಗುತ್ತದೆ. ಈ ಬೇಸಿಗೆಯಲ್ಲಿ ಜುಲೈನ ಒಂದು ತಿಂಗಳ ಸಂಬಳ, ಬರುವ ಬೇಸಿಗೆಯಲ್ಲಿ ಮೇ ಮಧ್ಯದಿಂದ ಜೂನ್ ಕೊನೆವರೆಗೆ ಒಂದೂವರೆ ತಿಂಗಳ ಸಂಬಳ ತೆಗೆದುಕೊಂಡಿರಿ ಅನ್ನಿ. ನಿಮ್ಮ ಕಣ್ಣಿಗೆ ಎರಡು ಬೇಸಿಗೆ, ಎರಡರಲ್ಲೂ ಮಿತಿಯೊಳಗೇ ಇದ್ದೀರಿ. ಲೆಕ್ಕಪತ್ರದ ಕಣ್ಣಿಗೆ ಒಂದೇ ವರ್ಷದಲ್ಲಿ ಎರಡೂವರೆ ತಿಂಗಳು.

ಪ್ರಶ್ನೆ: ಎರಡು ಗ್ರ್ಯಾಂಟುಗಳಿಂದ ಸೇರಿಸಿ ಮೂರು ತಿಂಗಳೂ ಸಂಬಳ ತೆಗೆಯುವಷ್ಟು ದುಡ್ಡಿದೆ. ಜುಲೈನಲ್ಲಿ ಮೈಸೂರಿನಲ್ಲಿ ಅಣ್ಣನ ಮನೆ ಗೃಹಪ್ರವೇಶ, ಮೂರು ವಾರ ಹೋಗಿಬರುತ್ತೇನೆ. ಲ್ಯಾಪ್‌ಟಾಪ್ ಜೊತೆಗಿರುತ್ತದೆ, ರಾತ್ರಿ ವಿದ್ಯಾರ್ಥಿಗಳ ಜೊತೆ ಜೂಮ್ ಮೀಟಿಂಗೂ ಮಾಡುತ್ತೇನೆ. ತೊಂದರೆ ಇದೆಯೇ? — ಟೆಕ್ಸಾಸ್

ಇದೆ. ಒಂಬತ್ತು ತಿಂಗಳ ಅಧ್ಯಾಪಕರಿಗೆ ಬೇಸಿಗೆಯಲ್ಲಿ ಸಂಬಳಸಹಿತ ರಜೆ ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಕೆಲಸ ಮಾಡಿದ ದಿನಕ್ಕೆ ಮಾತ್ರ ಗ್ರ್ಯಾಂಟು ಕೊಡುತ್ತದೆ. ಮೇ 16ರಿಂದ ಆಗಸ್ಟ್ 15 ಅಂದರೆ ಸುಮಾರು 13 ವಾರ. ಮೂರು ವಾರ ಹೋದರೆ ಉಳಿದದ್ದು 10 ವಾರ, ಹೆಚ್ಚೆಂದರೆ 2.3 ತಿಂಗಳ ಸಂಬಳ. ಗೃಹಪ್ರವೇಶದ ಗದ್ದಲದ ನಡುವೆ ದಿನಕ್ಕೊಂದು ಗಂಟೆ ಜೂಮ್ ಮಾಡಿ ಆ ದಿನವನ್ನು ಪೂರ್ತಿ ಕೆಲಸದ ದಿನ ಎಂದು ಬರೆಯುವುದು ನಡೆಯುವುದಿಲ್ಲ.

ಆ 2.3 ತಿಂಗಳನ್ನೂ ಪೂರ್ತಿ ಬರೆಯುವ ಮುಂಚೆ ಯೋಚಿಸಿ. ಹೊಸ ಪ್ರಪೋಸಲ್ ಬರೆಯುವ ಸಮಯವನ್ನು ಈಗಿರುವ ಫೆಡರಲ್ ಗ್ರ್ಯಾಂಟಿಗೆ ಹಾಕುವಂತಿಲ್ಲ. ಶರತ್ಕಾಲದ ಕೋರ್ಸಿನ ತಯಾರಿ, ವಿಭಾಗದ ಕಮಿಟಿ ಕೆಲಸ, ಪ್ರಾಜೆಕ್ಟಿಗೆ ಸಂಬಂಧವಿಲ್ಲದ ವಿದ್ಯಾರ್ಥಿಯ ಥೀಸಿಸ್ ಓದುವುದು, ಇವು ಯಾವುವೂ ಬರುವುದಿಲ್ಲ. ಕೆಲಸದ ಸಮಯ ಶೇ 100 ಗ್ರ್ಯಾಂಟಿನದೇ ಎಂದು ಬರೆದರೆ ಆ ಅವಧಿಯಲ್ಲಿ ಇದರಲ್ಲಿ ಒಂದನ್ನೂ ಮುಟ್ಟಿಲ್ಲ ಎಂದು ಸಹಿ ಹಾಕಿದಂತೆ. ಬೇಸಿಗೆಯಲ್ಲಿ ಪ್ರಪೋಸಲ್ ಬರೆಯದ ಅಸಿಸ್ಟೆಂಟ್ ಪ್ರೊಫೆಸರ್ ಎಲ್ಲಿದ್ದಾರೆ? ಅದಕ್ಕೇ ಅನೇಕ ವಿಶ್ವವಿದ್ಯಾಲಯಗಳು ಎರಡೂವರೆ ತಿಂಗಳಿಗೆ ಗೆರೆ ಎಳೆದಿವೆ, ಅಥವಾ ಮೂರನೇ ತಿಂಗಳಿಗೆ ವಿಭಾಗದ ಮುಖ್ಯಸ್ಥರ ಲಿಖಿತ ದೃಢೀಕರಣ ಕೇಳುತ್ತವೆ.

ಶೇಕಡಾ ಲೆಕ್ಕ ವಾರಕ್ಕೆ 40 ಗಂಟೆಯ ಮೇಲೆ ನಿಂತಿಲ್ಲ ಎಂಬುದೂ ತಿಳಿದಿರಲಿ. ನೀವು ವಾರಕ್ಕೆ 60 ಗಂಟೆ ದುಡಿಯುವವರಾದರೆ ಆ 60 ಗಂಟೆಯೇ ಶೇ 100. ‘40 ಗಂಟೆ ಗ್ರ್ಯಾಂಟಿಗೆ, ಮೇಲಿನ 20 ಗಂಟೆ ಪ್ರಪೋಸಲಿಗೆ’ ಎಂಬ ವಾದ ಆಡಿಟರ್ ಮುಂದೆ ನಿಲ್ಲುವುದಿಲ್ಲ. ಅದು ಗ್ರ್ಯಾಂಟಿಗೆ ಶೇ 67 ಮಾತ್ರ.

ಇದು ಬರೀ ಕಾಗದದ ಭಯವಲ್ಲ. 2008ರ ಡಿಸೆಂಬರಿನಲ್ಲಿ ಯೇಲ್ ವಿಶ್ವವಿದ್ಯಾಲಯ ಅಮೆರಿಕ ಸರ್ಕಾರದ ಜೊತೆ 76 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ಕೆಲವು ಸಂಶೋಧಕರು ಬೇರೆ ಕೆಲಸವನ್ನೂ ಮಾಡಿಕೊಂಡು ಬೇಸಿಗೆಯ ಎಫರ್ಟ್ (ಕೆಲಸದ ಸಮಯ) ಶೇ 100 ಗ್ರ್ಯಾಂಟಿನದು ಎಂದು ತೋರಿಸಿದ್ದರು ಎಂಬುದು ಅಲ್ಲಿದ್ದ ಆರೋಪಗಳಲ್ಲಿ ಒಂದು.

ನಿಮ್ಮ ಬೇಸಿಗೆಯನ್ನು ಹೀಗೆ ಹೊಂದಿಸಬಹುದು. ಮೇ 16ರಿಂದ ಜೂನ್ 30ರವರೆಗೆ ಗ್ರ್ಯಾಂಟಿನ ಸಂಬಳ. ಜುಲೈ 1ರಿಂದ 21ರವರೆಗೆ ಯಾವ ಸಂಬಳವೂ ಇಲ್ಲ, ನಿಶ್ಚಿಂತೆಯಿಂದ ಊರಿಗೆ ಹೋಗಿಬನ್ನಿ. ವಾಪಸು ಬಂದ ಮೇಲೆ ಎರಡು ವಾರ ಮತ್ತೆ ಗ್ರ್ಯಾಂಟು. ಕೊನೆಗೆ ಉಳಿದ ದಿನಗಳು ಪ್ರಪೋಸಲಿಗೆ. ಅದಕ್ಕೆ ಸ್ಟಾರ್ಟ್‌ಅಪ್ ಪ್ಯಾಕೇಜಿನ (ಕೆಲಸಕ್ಕೆ ಸೇರುವಾಗ ಸಂಶೋಧನೆ ಆರಂಭಿಸಲು ಕೊಟ್ಟ ಹಣದ) ಬೇಸಿಗೆ ದುಡ್ಡಿದ್ದರೆ ಅದನ್ನು ಬಳಸಿ. ಅದು ವಿಶ್ವವಿದ್ಯಾಲಯದ ಸ್ವಂತ ಹಣ, ಪ್ರಪೋಸಲ್ ಬರೆಯುವವರಿಗೆ ಕೊಡಲು ಫೆಡರಲ್ ಅಡ್ಡಿ ಇಲ್ಲ. ಸಂಬಳದ ಫಾರ್ಮಿನಲ್ಲಿ ‘ಒಂದು ತಿಂಗಳು, ಬೇಸಿಗೆ ಪೂರ್ತಿ ಹಂಚಿ’ ಎಂದು ಬರೆಯುವುದು ಸುಲಭ. ಆದರೆ ಆಗ ವಿಮಾನದಲ್ಲಿದ್ದ ದಿನವೂ ಗ್ರ್ಯಾಂಟಿನ ಮೇಲೆ ಕೂರುತ್ತದೆ. ತಾರೀಖು ಸಮೇತ ಬರೆಯಿರಿ.

ಮೈಸೂರಿನಲ್ಲಿ ಕೂತು ನಿಜಕ್ಕೂ ಪೂರ್ತಿ ಕೆಲಸ ಮಾಡುವ ಉದ್ದೇಶವಿದ್ದರೆ ಹೊರಡುವ ಮೊದಲೇ ವಿಶ್ವವಿದ್ಯಾಲಯದ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಲ್ಯಾಪ್‌ಟಾಪಿನಲ್ಲಿ ರಫ್ತು ನಿಯಂತ್ರಣಕ್ಕೆ ಬರುವ ದತ್ತಾಂಶ ಇಲ್ಲವೆಂದು ಖಚಿತವಾಗಬೇಕು. ಎನ್‌ಐಎಚ್ (ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು) ಗ್ರ್ಯಾಂಟಾದರೆ, ವೈಜ್ಞಾನಿಕ ಕೆಲಸದ ಮಹತ್ವದ ಭಾಗ ಅಮೆರಿಕದ ಹೊರಗೆ ನಡೆಯುವುದಕ್ಕೆ ಮುಂಚಿತ ಅನುಮತಿ ಬೇಕು.

ಪ್ರಶ್ನೆ: ಬೆಂಗಳೂರಿನ ಐಐಎಸ್‌ಸಿಯಲ್ಲಿ ವಜ್ರ ಯೋಜನೆಯಡಿ ಬೇಸಿಗೆಗೆ ಹೋಗುವ ಯೋಚನೆ ಇದೆ. ಇಲ್ಲಿನ ಎರಡು ತಿಂಗಳ ಸಂಬಳವೂ ಬೇಕು, ಅಲ್ಲಿನದೂ ಬೇಕು. ಸಾಧ್ಯವೇ? — ಇಲಿನಾಯ್

ಬೇರೆ ಬೇರೆ ದಿನಗಳಿಗಾದರೆ ಸಾಧ್ಯ, ಒಂದೇ ದಿನಕ್ಕೆ ಎರಡು ಕಡೆಯಿಂದ ಸಾಧ್ಯವಿಲ್ಲ. 2017ರಲ್ಲಿ ಶುರುವಾದ ವಜ್ರ ಯೋಜನೆ ಹೊರದೇಶದ ವಿಜ್ಞಾನಿಗಳನ್ನು ವರ್ಷಕ್ಕೆ ಒಂದರಿಂದ ಮೂರು ತಿಂಗಳು ಕರೆಸಿಕೊಳ್ಳಲು ಮಾಡಿದ್ದು. ಅದರ ನಿಯಮದಲ್ಲಿ ಮೊದಲ ತಿಂಗಳಿಗೆ 15,000 ಡಾಲರ್, ಮುಂದಿನ ಎರಡು ತಿಂಗಳಿಗೆ ತಲಾ 10,000 ಎಂದಿತ್ತು. ಬೇಸಿಗೆ ಇರುವುದೇ ಮೂರು ತಿಂಗಳು. ಎನ್‌ಎಸ್‌ಎಫ್‌ನ ಎರಡು ತಿಂಗಳು ಪೂರ್ತಿ ತೆಗೆದುಕೊಂಡರೆ ಬೆಂಗಳೂರಿಗೆ ಉಳಿಯುವುದು ಒಂದೇ ತಿಂಗಳು. ಅರ್ಜಿ ಹಾಕುವ ಮೊದಲೇ ನಿಮ್ಮ ವಿಶ್ವವಿದ್ಯಾಲಯಕ್ಕೆ ತಿಳಿಸಿ. ನಿಮಗೆ ಬರುತ್ತಿರುವ ಮತ್ತು ಬರಲಿರುವ ನೆರವನ್ನೆಲ್ಲ ತೋರಿಸುವ ಎನ್‌ಎಸ್‌ಎಫ್‌ನ ‘ಕರೆಂಟ್ ಅಂಡ್ ಪೆಂಡಿಂಗ್’ ಫಾರ್ಮಿನಲ್ಲಿ ಈ ನೇಮಕಾತಿಯನ್ನು ತಿಂಗಳ ಲೆಕ್ಕ ಸಮೇತ ನಮೂದಿಸಿ. ಭಾರತಕ್ಕೆ ಹೋಗುವುದರಲ್ಲಿ ತಪ್ಪೇನಿಲ್ಲ. ತಿಳಿಸದೆ ಹೋದರೆ, ಏನೂ ಇಲ್ಲದ ಕಡೆ ಏನೋ ಮುಚ್ಚಿಟ್ಟಂತೆ ಕಾಣುತ್ತದೆ.

ಪ್ರಶ್ನೆ: ನನ್ನ ಒಂಬತ್ತು ತಿಂಗಳ ಸಂಬಳ 1,89,000. ಎನ್‌ಐಎಚ್ ಗ್ರ್ಯಾಂಟಿನಿಂದ ಒಂದು ತಿಂಗಳಿಗೆ 21,000 ಬರಬೇಕಿತ್ತು, ಅಷ್ಟು ಬರಲಿಲ್ಲ. ಏಕೆ? — ಮ್ಯಾಸಚೂಸೆಟ್ಸ್

ಎನ್‌ಐಎಚ್‌ಗೆ ಸಂಬಳದ ಮಿತಿ ಇದೆ. 2025ರಲ್ಲಿ ಅದು 12 ತಿಂಗಳಿಗೆ 2,25,700 ಡಾಲರ್ ಇತ್ತು, ಅಂದರೆ ತಿಂಗಳಿಗೆ ಸುಮಾರು 18,808. ನಿಮ್ಮ ದರ ಅದಕ್ಕಿಂತ 2,192 ಹೆಚ್ಚು. ‘ನನ್ನ ಸಂಬಳ 2,25,700ರ ಒಳಗೇ ಇದೆಯಲ್ಲ’ ಎಂದು ಕೇಳುವವರು ಬಹಳ. ಆದರೆ ಒಂಬತ್ತು ತಿಂಗಳ ನೇಮಕಾತಿಗೆ ಹೋಲಿಸಬೇಕಾದ ಅಂಕಿ, ಆ ಮಿತಿಯ ಒಂಬತ್ತು ತಿಂಗಳ ಪಾಲು, 1,69,275. ವ್ಯತ್ಯಾಸವನ್ನು ಬೇರೊಂದು ಫೆಡರಲ್ ಗ್ರ್ಯಾಂಟಿನಿಂದ ತುಂಬುವಂತಿಲ್ಲ. ವಿಶ್ವವಿದ್ಯಾಲಯ ತನ್ನ ಹಣದಿಂದ ತುಂಬಬಹುದು, ಆದರೆ ಅದಕ್ಕೆ ಕಡ್ಡಾಯವೇನಿಲ್ಲ. ಮಿತಿ ಮತ್ತೆ ಮತ್ತೆ ಪರಿಷ್ಕರಣೆಯಾಗುತ್ತಿರುತ್ತದೆ, ಬಜೆಟ್ ಮಾಡುವಾಗ ಆ ವರ್ಷದ್ದನ್ನೇ ನೋಡಿ.

ಪ್ರಶ್ನೆ: ನಮ್ಮ ಎನ್‌ಎಸ್‌ಎಫ್ ಗ್ರ್ಯಾಂಟ್ ಜುಲೈ 1ಕ್ಕೆ ಶುರು. ಮೇ, ಜೂನ್ ತಿಂಗಳ ಕೆಲಸಕ್ಕೆ ಆಮೇಲೆ ಸಂಬಳ ಹಾಕಿಕೊಳ್ಳಬಹುದೇ? — ಅರಿಜೋನಾ

ಶುರುವಾಗುವ ದಿನಕ್ಕಿಂತ ಹಿಂದಿನ 90 ದಿನಗಳ ಖರ್ಚಿಗೆ ವಿಶ್ವವಿದ್ಯಾಲಯವೇ ಒಪ್ಪಿಗೆ ಕೊಡಬಹುದು. ಆದರೆ ಅವಾರ್ಡ್ ಬರದೇ ಹೋದರೆ ಆ ನಷ್ಟ ಸರ್ಕಾರದ್ದಲ್ಲ, ನಿಮ್ಮ ಕಡೆಯದು. ಹಾಗಾಗಿ ಮುಂಗಡ ಖಾತೆ ತೆರೆಯುವಾಗಲೇ ವಿಭಾಗ ಯಾವ ಹಣದಿಂದ ಆ ನಷ್ಟ ಹೊರುತ್ತದೆ ಎಂದು ಬರೆಸಿಕೊಳ್ಳುತ್ತಾರೆ. ಈ ಖಾತೆಯನ್ನು ಏಪ್ರಿಲ್‌ನಲ್ಲೇ ಕೇಳಿ. ಆಗಸ್ಟ್‌ನಲ್ಲಿ ನೆನಪಾಗಿ, ಬೇರೆ ಖಾತೆಗೆ ಹಾಕಿದ್ದ ಸಂಬಳವನ್ನು ಇಲ್ಲಿಗೆ ವರ್ಗಾಯಿಸಲು ಹೊರಟರೆ ಪ್ರಶ್ನೆಗಳು ಶುರುವಾಗುತ್ತವೆ. 90 ದಿನ ಕಳೆದ ಮೇಲಿನ ವರ್ಗಾವಣೆಯನ್ನು ಆಡಿಟರುಗಳು ಹುಡುಕಿಕೊಂಡೇ ನೋಡುತ್ತಾರೆ. ಮುಗಿಯುವ ತುದಿಯಲ್ಲಿ ಇಂಥ ಸಡಿಲವೂ ಇಲ್ಲ. ಮೇ 31ಕ್ಕೆ ಮುಗಿಯುವ ಗ್ರ್ಯಾಂಟಿನಿಂದ ಜೂನ್ ಕೆಲಸಕ್ಕೆ ದುಡ್ಡು ಹುಟ್ಟುವುದಿಲ್ಲ. ನೋ-ಕಾಸ್ಟ್ ಎಕ್ಸ್‌ಟೆನ್ಷನ್ (ಹೊಸ ಹಣವಿಲ್ಲದೆ ಅವಧಿ ವಿಸ್ತರಣೆ) ಬೇಕಿದ್ದರೆ ಅವಧಿ ಮುಗಿಯುವ ಮೊದಲೇ ಆಗಬೇಕು.

ಪ್ರಶ್ನೆ: ಎಚ್-1ಬಿ ವೀಸಾದಲ್ಲಿದ್ದೇನೆ. ಪಕ್ಕದ ರಾಜ್ಯದ ವಿಶ್ವವಿದ್ಯಾಲಯದ ಗ್ರ್ಯಾಂಟಿನಲ್ಲಿ ನಾನು ಸಹ-ಸಂಶೋಧಕಿ. ಅದರ ಬೇಸಿಗೆ ಸಂಬಳ ತೆಗೆದುಕೊಳ್ಳಬಹುದೇ? — ಮಿಷಿಗನ್

ಆ ದುಡ್ಡು ಸಬ್‌ಅವಾರ್ಡ್ (ಗ್ರ್ಯಾಂಟಿನ ಒಂದು ಪಾಲು) ಆಗಿ ನಿಮ್ಮ ವಿಶ್ವವಿದ್ಯಾಲಯಕ್ಕೆ ಬಂದು, ನಿಮ್ಮ ಪೇರೋಲಿನಿಂದಲೇ ಸಂಬಳವಾದರೆ ನಿಮ್ಮ ಮಾಲೀಕರು ಬದಲಾಗಿಲ್ಲ, ಸರಿ. ಅವರು ನೇರವಾಗಿ ನಿಮ್ಮ ಹೆಸರಿಗೆ ಸಂಬಳ ಕೊಡುವುದಾದರೆ ಅದು ಇನ್ನೊಂದು ನೌಕರಿ. ಅವರು ನಿಮಗಾಗಿ ಪ್ರತ್ಯೇಕ ಎಚ್-1ಬಿ ಅರ್ಜಿ ಹಾಕುವವರೆಗೆ ಕೆಲಸ ಶುರು ಮಾಡುವಂತಿಲ್ಲ. ‘ಕನ್ಸಲ್ಟೆಂಟ್ ಅಂತ ಹಾಕಿಬಿಡೋಣ’ ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ, ವೀಸಾದ ಮಟ್ಟಿಗೆ ಅದೂ ನೌಕರಿಯೇ. ಸಬ್‌ಅವಾರ್ಡ್ ಕರಾರು ಆಗಲು ತಿಂಗಳುಗಟ್ಟಲೆ ಹಿಡಿಯುವುದುಂಟು. ಈಗಲೇ ಎರಡೂ ಕಡೆಯ ಗ್ರ್ಯಾಂಟ್ ಆಫೀಸಿಗೆ ಇಮೇಲ್ ಹಾಕಿ.