ಅಪ್ಪನನ್ನು ಸಿಒಪಿಡಿ ಹೊಸ ಔಷಧದ ಟ್ರಯಲ್‌ಗೆ ಸೇರಿಸಬಹುದಾ?

ನಿಮ್ಮ ತಂದೆಗೆ ಸಿಒಪಿಡಿ, ಅಂದರೆ ದಮ್ಮು ಬರುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ಇನ್‌ಹೇಲರ್ ಜೊತೆಗೆ ಹೊಸ ಇಂಜೆಕ್ಷನ್ ಟ್ರಯಲ್‌ಗೆ ಅವರನ್ನು ಸೇರಿಸಲು ಡಾಕ್ಟರು ಕೇಳಿದ್ದಾರೆ. ಔಷಧವೇ ಇಲ್ಲದ ಡಮ್ಮಿ ಇಂಜೆಕ್ಷನ್ ಬಂದರೆ ಈಗಿನ ಚಿಕಿತ್ಸೆಯೂ ಹೋಗುತ್ತಾ ಅನ್ನೋದು ನಿಮ್ಮ ಭಯ. ನಮಗೂ ಇದೇ ಭಯ ಇತ್ತು.

ನಮ್ಮದು ಶಿಡ್ಲಘಟ್ಟ. ಅಮ್ಮನಿಗೂ ಇದೇ ಕಾಯಿಲೆ. ಅವರು ಬೀಡಿ ಸಿಗರೇಟು ಮುಟ್ಟಿದವರಲ್ಲ. ಆದರೆ ಇಪ್ಪತ್ತು ವರ್ಷ ರೇಷ್ಮೆ ನೂಲು ಬಿಚ್ಚಿದರು. ಅಲ್ಲಿ ಗೂಡು ಬೇಯಿಸುವ ಒಲೆಯ ಹೊಗೆ, ಮನೆಗೆ ಬಂದರೆ ಸೌದೆ ಒಲೆಯ ಹೊಗೆ. ಚಳಿಗಾಲ ಬಂದರೆ ದಮ್ಮು ಜಾಸ್ತಿಯಾಗಿ ಆಸ್ಪತ್ರೆ ಸೇರುತ್ತಿದ್ದರು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನಮ್ಮನ್ನೂ ಹೀಗೇ ಕೇಳಿದರು.

ಇಂಥ ಟ್ರಯಲ್‌ನಲ್ಲಿ ಸಾಮಾನ್ಯವಾಗಿ ಹೊಸ ಔಷಧ ಇರುವ ಚಿಕಿತ್ಸೆಯ ಮೇಲೆ ಸೇರುತ್ತದೆ, ಅದರ ಜಾಗಕ್ಕೆ ಬರುವುದಿಲ್ಲ. ಡುಪಿಲುಮ್ಯಾಬ್ ಅನ್ನುವ ಇಂಜೆಕ್ಷನ್ ನೋಡಿ. 2023ರಲ್ಲಿ ಫಲಿತಾಂಶ ಬಂದ ಟ್ರಯಲ್‌ನಲ್ಲಿ 939 ಜನರಿದ್ದರು. ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ಡಮ್ಮಿ, ಎರಡು ವಾರಕ್ಕೊಮ್ಮೆ, ಒಂದು ವರ್ಷ. ಇನ್‌ಹೇಲರ್ ಮಾತ್ರ ಎರಡೂ ಕಡೆಯವರಿಗೆ ನಡೆಯುತ್ತಲೇ ಇತ್ತು. ಔಷಧ ಪಡೆದವರಲ್ಲಿ ಕಾಯಿಲೆ ಉಲ್ಬಣಿಸುವುದು ಸುಮಾರು ಶೇ 30ರಷ್ಟು ಕಡಿಮೆಯಾಯಿತು. ಡಮ್ಮಿಯ ಗುಂಪು ಇಲ್ಲದೆ ಈ ಲೆಕ್ಕ ಸಿಗುತ್ತಿರಲಿಲ್ಲ ಅಲ್ವಾ?

ಆದರೂ ಸುಮ್ನೆ ಸಹಿ ಹಾಕಬೇಡಿ. ಈಗಿನ ಇನ್‌ಹೇಲರ್‌ಗಳಲ್ಲಿ ಯಾವುದನ್ನಾದರೂ ನಿಲ್ಲಿಸುತ್ತೀರಾ ಅಂತ ಮೊದಲು ಕೇಳಿ. ನಮಗೆ ಇಂಗ್ಲಿಷ್ ಒಪ್ಪಿಗೆ ಪತ್ರ ಕೊಟ್ಟಿದ್ದರು. ಕನ್ನಡದ್ದು ಬೇಕು ಅಂತ ಹಟ ಹಿಡಿದು ತಂದು, ಅಮ್ಮನಿಗೆ ಎರಡು ಸಲ ಓದಿ ಹೇಳಿದೆ. ತಿಳಿಯುವ ಭಾಷೆಯಲ್ಲಿ ಕೇಳುವುದು ನಮ್ಮ ಹಕ್ಕು. ಟ್ರಯಲ್‌ನ ಸಿಟಿಆರ್‌ಐ (ದೇಶದ ಟ್ರಯಲ್‌ಗಳ ಸರ್ಕಾರಿ ದಾಖಲೆ ಪಟ್ಟಿ) ನೋಂದಣಿ ನಂಬರ್ ಕೇಳಿ ಬರೆದುಕೊಳ್ಳಿ. ಔಷಧದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಕೊಡಬೇಕು ಅಂತ 2019ರ ನಿಯಮವಿದೆ. ಬೇಡ ಅನಿಸಿದ ದಿನ ಬಿಟ್ಟು ಬರಬಹುದು. ಓಡಾಟದ ಖರ್ಚು ಯಾರದ್ದು ಅಂತಲೂ ಕೇಳಿ. ವಯಸ್ಸಾದವರನ್ನು ಮತ್ತೆ ಮತ್ತೆ ಬಸ್ಸಲ್ಲಿ ಕರೆದೊಯ್ಯುವುದು ಸಣ್ಣ ಮಾತಲ್ಲ.

ಅಮ್ಮ ಒಪ್ಪಿದ್ದರು. ಆದರೆ ರಕ್ತದಲ್ಲಿ ಇಯೊಸಿನೊಫಿಲ್ ಅನ್ನುವ ಒಂದು ಬಗೆಯ ಬಿಳಿ ರಕ್ತಕಣ ಕಡಿಮೆ ಇದ್ದುದರಿಂದ ಅವರನ್ನು ತೆಗೆದುಕೊಳ್ಳಲಿಲ್ಲ. ಬೇಜಾರಾಯಿತು, ನಿಜ. ಆದರೆ ಆ ಕಣ ಕಡಿಮೆ ಇರುವವರಿಗೆ ಅಂಥ ಇಂಜೆಕ್ಷನ್‌ನಿಂದ ಹೆಚ್ಚು ಪ್ರಯೋಜನ ಆಗಲ್ಲ ಅಂತ ಡಾಕ್ಟರು ಬಿಡಿಸಿ ಹೇಳಿದರು. ಡುಪಿಲುಮ್ಯಾಬ್ ಟ್ರಯಲ್‌ಗೂ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಆ ಕಣ ಕನಿಷ್ಠ 300 ಬೇಕಿತ್ತು. ತಂದೆಯ ಹಳೆಯ ಸಿಬಿಸಿ (ರಕ್ತಕಣಗಳ ಎಣಿಕೆಯ ಪರೀಕ್ಷೆ) ರಿಪೋರ್ಟ್ ಹುಡುಕಿ. ಒಟ್ಟು ಬಿಳಿ ರಕ್ತಕಣ 8000, ಅದರಲ್ಲಿ ಇಯೊಸಿನೊಫಿಲ್ ಶೇ 4 ಇದ್ದರೆ 320 ಅಂತ ಲೆಕ್ಕ. ಮುಂದಿನ ಸಲ ಹೋಗುವಾಗ ಆ ರಿಪೋರ್ಟನ್ನು ಕೈಯಲ್ಲಿ ಹಿಡಿದು ಹೋಗಿ.