ಸ್ಟ್ಯಾಫರ್ಡ್‌–ಗಾಫ್ ಟ್ರೇಡ್‌ನಲ್ಲಿ ಲಾಭ ಯಾರಿಗಾಯಿತು?

ಇಬ್ಬರಿಗೂ. 2021ರಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡ ರಾಮ್ಸ್, ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ದಾಳಿ ನಡೆಸುವ ಆಟಗಾರ) ಮ್ಯಾಥ್ಯೂ ಸ್ಟ್ಯಾಫರ್ಡ್‌ಗಾಗಿ ಡೆಟ್ರಾಯಿಟ್ ಲಯನ್ಸ್‌ಗೆ ತನ್ನದೇ ಕ್ವಾರ್ಟರ್‌ಬ್ಯಾಕ್ ಜೇರೆಡ್ ಗಾಫ್ ಜೊತೆ ಎರಡು ಮೊದಲ ಸುತ್ತಿನ, ಒಂದು ಮೂರನೇ ಸುತ್ತಿನ ಡ್ರಾಫ್ಟ್ ಆಯ್ಕೆಗಳನ್ನು (ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿಗಳನ್ನು) ಕೊಟ್ಟಿತು. ಬೆಲೆ ಜಾಸ್ತಿ ಆಯ್ತು ಅಂತ ಆಗ ತುಂಬಾ ಜನ ಅಂದರು. ಆದರೆ ಮೊದಲ ಸೀಸನ್‌ನಲ್ಲೇ ರಾಮ್ಸ್ ತಂಡದವರು ಬೆಂಗಾಲ್ಸ್ ವಿರುದ್ಧ 23-20ರಲ್ಲಿ ಸೂಪರ್ ಬೌಲ್, ಅಂದರೆ ಲೀಗ್ ಫೈನಲ್ ಗೆದ್ದರು, ಅದಕ್ಕೇ ತಾನೇ ಅಷ್ಟು ಕೊಟ್ಟಿದ್ದು?

ಲಯನ್ಸ್‌ ಕಡೆಯ ಲೆಕ್ಕವನ್ನೇ ಜನ ಮರೆಯುತ್ತಾರೆ. ಗಾಫ್‌ನನ್ನು ಸುಮ್ನೆ ಸಂಬಳದ ಹೊರೆ ಅಂದುಕೊಂಡಿದ್ದರು. ಅದೇ ಗಾಫ್ 2024ರ ಜನವರಿಯಲ್ಲಿ ತನ್ನ ಹಳೇ ತಂಡದ ಮೇಲೆ 24-23ರ ಗೆಲುವು ತಂದುಕೊಟ್ಟ, ಅದು ಲಯನ್ಸ್‌ಗೆ 32 ವರ್ಷಗಳ ನಂತರ ಸಿಕ್ಕ ಪ್ಲೇಆಫ್ ಗೆಲುವು! ಜೊತೆಗೆ ಬಂದ ಆಯ್ಕೆಗಳನ್ನು ಮತ್ತೆ ಅದಲುಬದಲು ಮಾಡಿ ಜೇಮಿಸನ್ ವಿಲಿಯಮ್ಸ್, ಜಮೀರ್ ಗಿಬ್ಸ್, ಸ್ಯಾಮ್ ಲಾಪೋರ್ಟಾ ಅಂಥವರನ್ನು ತಂದರು. ದೂರದ ಲೆಕ್ಕದಲ್ಲಿ ನನ್ನ ಓಟು ಡೆಟ್ರಾಯಿಟ್‌ಗೇ.